ತುಮಕೂರು ಬರುವ ತನಕ

ಆಟೊದಲ್ಲಿ ಥರ್ಮೊಕೋಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಳಗೆ ಎರಡು ಐಸ್ ಪ್ಯಾಕು, ನಡುವೆ ಮಡಿಸಿದ ಟವೆಲು, ಟವೆಲಿನ ಮಡಿಕೆಯೊಳಗೆ ಎರಡು ಪುಟ್ಟ ಕಂದು ಸೀಸೆ. ಔಷಧಿ ಅಂಗಡಿಯ ಹುಡುಗ ಮೂರು ಸಲ ಹೇಳಿ ಕಳಿಸಿದ್ದ: ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕು, ಬಿಸಿಲು ತಾಗಬಾರದು, ಐಸಿಗೆ ನೇರ ಒತ್ತಿ ಇಡಬಾರದು. ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಸರಿಸಿ ಇದಕ್ಕೆ ಜಾಗ ಮಾಡಿದ್ದೆ. ಪಕ್ಕದಲ್ಲಿ ಮಾವ, ಅಂದರೆ ಅಮ್ಮನ ತಮ್ಮ, ಕಿಟಕಿಯಾಚೆ ನೋಡುತ್ತ ಕೂತಿದ್ದ. ಬೆಳಗಿನಿಂದ ಅವನಿಗೆ ಕಾಫಿ ಇಲ್ಲ, ನೀರೂ ಇಲ್ಲ. ಹೊಟ್ಟೆಗೆ ನೀರು ಹೋದಷ್ಟೂ ಮೂತ್ರಕೋಶ ಬೇಗ ತುಂಬುತ್ತದೆ. ಬೇಗ ತುಂಬಿದರೆ ಔಷಧಿ ಒಳಗೆ ನಿಲ್ಲುವುದಿಲ್ಲ. ಎರಡು ಗಂಟೆ ನಿಲ್ಲಬೇಕು. ಇವತ್ತು ನಾಲ್ಕನೇ ಡೋಸು. ಇನ್ನೆರಡು ಬಾಕಿ.

ಡೇ-ಕೇರ್ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿದೆ. ಆರು ಹಾಸಿಗೆ, ಹಸಿರು ಪರದೆ, ಗೋಡೆಯ ಮೇಲೆ ದೊಡ್ಡ ಅಂಕಿಯ ಒಂದು ಗಡಿಯಾರ. ಆ ಕೋಣೆಯಲ್ಲಿ ಎಲ್ಲರ ಕಣ್ಣೂ ಸುತ್ತಿ ಸುತ್ತಿ ಬಂದು ಕೂರುವುದು ಆ ಗಡಿಯಾರದ ಮೇಲೇ. ಸಿಸ್ಟರ್ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಬಿಳಿಯ ಪುಡಿ, ಹಪ್ಪಳಗಟ್ಟಿದ ಹಾಲಿನಪುಡಿಯಂತೆ. ಅವರು ಮೈಮೇಲೆ ಗೌನು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಹಾಕಿಕೊಂಡ ಮೇಲೆಯೇ ಸೀಸೆ ಮುಟ್ಟಿದ್ದು. ಅದರೊಳಗೆ ಇರುವುದು ಜೀವಂತ ಬ್ಯಾಕ್ಟೀರಿಯಾ. ಸಲೈನು ಬಿಟ್ಟು ಮೆಲ್ಲಗೆ ಅಲುಗಿಸಿದಾಗ ಪುಡಿ ಕರಗಿ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಒಟ್ಟು 50 ಎಂಎಲ್. ಅರ್ಧ ಲೋಟದಷ್ಟೂ ಇಲ್ಲ.

"ಈ ವಾರ ಉರಿ, ಜ್ವರ, ಕೆಂಪು ಏನಾದ್ರೂ?" ಸಿಸ್ಟರ್ ಕೇಳಿದರು. ಮಾವ ನನ್ನ ಕಡೆ ನೋಡಿದ. ನಾನು ಹೊರಗೆ ಹೋದೆ.

ಅವನ ಎದುರು ನಾವು ಹೆಣ್ಣುಮಕ್ಕಳು ಆ ಮಾತನ್ನು ಆಡಿದವರಲ್ಲ, ಅವನೂ ನಮ್ಮೆದುರು ಆಡಿದವನಲ್ಲ. ಬಲು ಅನಿವಾರ್ಯವಾದರೆ "ಒಂದಕ್ಕೆ" ಅನ್ನುತ್ತಿದ್ದ, ಅದೂ ಗಂಡಸರ ಹತ್ತಿರ. 31 ವರ್ಷ ಬಸ್ಸು ಓಡಿಸಿದವನು. ಬೆಂಗಳೂರಿನಿಂದ ಚಿತ್ರದುರ್ಗ, ಚಿತ್ರದುರ್ಗದಿಂದ ಬೆಂಗಳೂರು. ಬೀಡಿ, ಟೀ, ಬಿಸಿ ಎಂಜಿನ್ನಿನ ಪಕ್ಕ ದಿನಕ್ಕೆ ಎಂಟು ತಾಸು, ಒಂದಕ್ಕೆ ಬಂದರೂ ಸ್ಟ್ಯಾಂಡು ಬರುವ ತನಕ ತಡೆದುಕೊಳ್ಳುವ ಅಭ್ಯಾಸ. ಬೀಡಿಯ ಹೊಗೆ ಹೋಗುವುದು ಪುಪ್ಪುಸಕ್ಕೆ, ಮೂತ್ರಕೋಶಕ್ಕೂ ಅದಕ್ಕೂ ಏನು ಸಂಬಂಧ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದೆವು. ಹೊಗೆಯಲ್ಲಿರುವ ವಿಷ ರಕ್ತಕ್ಕೆ ಸೇರುತ್ತದೆ, ರಕ್ತವನ್ನು ಮೂತ್ರಪಿಂಡ ಸೋಸುತ್ತದೆ, ಸೋಸಿದ್ದೆಲ್ಲ ಕೆಳಗಿನ ಚೀಲದಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಚೀಲದ ಒಳಗೋಡೆ ಆ ವಿಷದಲ್ಲಿ ದಿನವೂ ನೆನೆಯುತ್ತದೆ. ಮೂತ್ರಕೋಶದ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣ ತಂಬಾಕಿನ ಹೊಗೆ. ಗಂಡಸರಲ್ಲಿ ಇದು ಹೆಂಗಸರಿಗಿಂತ ಮೂರು ಪಟ್ಟಿನಷ್ಟು ಕಾಣುವುದಕ್ಕೂ ಅದು ಒಂದು ಕಾರಣ. ಬಣ್ಣದ ಕಾರ್ಖಾನೆಯ ರಾಸಾಯನಿಕಗಳದ್ದೂ ಪಾಲಿದೆ. ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ಕೆಂಬಣ್ಣ ತಯಾರಿಸುವ ಕೂಲಿಗಳಲ್ಲಿ ಈ ಗಡ್ಡೆಗಳನ್ನು ಗುರುತಿಸಿ ಹೇಳಿದ್ದು 1895ರಷ್ಟು ಹಿಂದೆ.

ಪರದೆಯಾಚೆಯಿಂದ ಸಿಸ್ಟರ್ ದನಿ. "ಉಸಿರು ಬಿಡಿ ಅಜ್ಜ, ಬಿಡಿ, ಇನ್ನೊಂದು ಸಲ, ಆಯ್ತು." ಮರಗಟ್ಟಿಸುವ ಜೆಲ್ಲಿ ಹಚ್ಚಿ ಸಣ್ಣ ನಳಿಕೆ ತೂರಿಸುತ್ತಾರೆ. ಮೊದಲು ಒಳಗೆ ಇದ್ದಬದ್ದ ಮೂತ್ರವನ್ನು ಹೊರಗೆ ತೆಗೆದು ಅದರ ಬಣ್ಣ ನೋಡುತ್ತಾರೆ. ತಿಳಿ ಹಳದಿ ಇದ್ದರೆ ಮುಂದಿನ ಕೆಲಸ. ಎರಡನೇ ವಾರ ಹೀಗೆ ನೋಡಿದಾಗ ಕೆಂಪು ಕಂಡಿತ್ತು. ಒಳಗೆ ಗಾಯ ಇದ್ದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದುಬಿಡಬಹುದು, ಬೇಡ ಎಂದು ವಾಪಸು ಕಳಿಸಿದ್ದರು. ಅವತ್ತು ಡಬ್ಬಿ ಸಮೇತ ಮನೆಗೆ ಬಂದು ಸೀಸೆಗಳನ್ನು ಮತ್ತೆ ಹಿಟ್ಟಿನ ಪಕ್ಕ ಇಟ್ಟಿದ್ದೆ. ಆ ಒಂದು ವಾರ ಮಾವ ಸರಿಯಾಗಿ ಊಟವನ್ನೇ ಮಾಡಲಿಲ್ಲ.

ಇವತ್ತು ಕೆಂಪಿಲ್ಲ. ಔಷಧಿ ಒಳಗೆ ಹೋಯಿತು, ನಳಿಕೆ ಹೊರಗೆ ಬಂತು. ಪರದೆ ಸರಿಸಿದಾಗ ಗಡಿಯಾರದಲ್ಲಿ 9.40. ಮಾವ ಅಂಗಾತ ಮಲಗಿದ್ದ. ಎದೆಯ ತನಕ ನೀಲಿ ಹೊದಿಕೆ.

"ಮೆಜೆಸ್ಟಿಕ್ ಬಿಡ್ತು ಕಣವ್ವ" ಅಂದ.

ಇದು ಅವನದೇ ಲೆಕ್ಕ. ಅವನ ಕಾಲದ ರಸ್ತೆಯಲ್ಲಿ, ಅವನ ಕಾಲದ ಬಸ್ಸಿಗೆ, ಎರಡು ಗಂಟೆ ಎಂದರೆ ತುಮಕೂರು. ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸು ಎಂದು ಇಲ್ಲಿ ಹೇಳಿದ್ದಾರೆ, ಔಷಧಿ ಚೀಲದ ಎಲ್ಲ ಗೋಡೆಗೂ ತಾಗಲಿ ಅಂತ. ಅಂಗಾತ, ಎಡ, ಬೋರಲು, ಬಲ. ಒಂದೊಂದು ಮಗ್ಗುಲಿಗೂ ಅವನು ಒಂದೊಂದು ಊರು ಇಟ್ಟಿದ್ದಾನೆ. ಯಶವಂತಪುರ, ದಾಸರಹಳ್ಳಿ, ನೆಲಮಂಗಲ, ಬೇಗೂರು, ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ, ತುಮಕೂರು ಸ್ಟ್ಯಾಂಡು. ಎಂಟು ಸಲ ಹದಿನೈದು, ಲೆಕ್ಕ ಸರಿಹೋಗುತ್ತದೆ.

ಯಶವಂತಪುರಕ್ಕೆ ಎಡಕ್ಕೆ ಹೊರಳಿದ. ಅಂಗಿಯ ತೋಳು ಮೇಲೆ ಸರಿದು ರಟ್ಟೆ ಕಂಡಿತು. ಅಲ್ಲಿ ಎರಡು ಗುರುತು. ಒಂದು ನಾಣ್ಯದಗಲದ್ದು, ಸಿಡುಬು ಬಾರದಿರಲೆಂದು ಮೈಲಿ ಹಾಕಿದ್ದು. ಇನ್ನೊಂದು ಬಟಾಣಿ ಗಾತ್ರದ ಬಿಳಿ ಕಲೆ, ಸುತ್ತ ಚರ್ಮ ಸ್ವಲ್ಪ ಸೆಟೆದಿದೆ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಚುಚ್ಚಿದ್ದರಂತೆ. ಅದು ಬಿಸಿಜಿ, ಕ್ಷಯದ ಲಸಿಕೆ. ಇವತ್ತು ಅವನ ಮೂತ್ರಕೋಶದಲ್ಲಿ ತುಳುಕುತ್ತಿರುವುದೂ ಅದೇ. ಮೊದಲ ದಿನ ಡಾಕ್ಟರ್ ಹೆಸರು ಹೇಳಿದಾಗ ಮಾವ ಬೆಚ್ಚಿದ್ದ. "ನಂಗೆ ಟೀಬಿನೂ ಇದ್ಯಾ ಸಾರ್?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವಳು ನಾನು ಒಂದು ಆಲೂಗಡ್ಡೆಯ ಹೋಳಿನ ಮುಂದೆ ಬಂದು ನಿಂತೆ. ಫ್ರಾನ್ಸಿನ ಲಿಲ್ ಪಟ್ಟಣದ ಪಾಶ್ಚರ್ ಸಂಸ್ಥೆ, 1908. ಆಲ್ಬರ್ಟ್ ಕಾಲ್ಮೆಟ್ ವೈದ್ಯ, ಕಾಮಿಲ್ ಗೆರಾನ್ ಪಶುವೈದ್ಯ. ದನಗಳಿಗೆ ಕ್ಷಯ ತರುವ ಬ್ಯಾಕ್ಟೀರಿಯಾವನ್ನು ಅವರು ಗ್ಲಿಸರಿನ್ ಮತ್ತು ಎತ್ತಿನ ಪಿತ್ತದಲ್ಲಿ ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿದರು. ಮೂರು ವಾರಕ್ಕೊಮ್ಮೆ ಅದರಿಂದ ಚೂರು ತೆಗೆದು ಹೊಸ ಹೋಳಿಗೆ ದಾಟಿಸಿದರು. ಮತ್ತೆ ಮೂರು ವಾರ, ಮತ್ತೊಂದು ಹೋಳು. ಮೊದಲನೇ ಮಹಾಯುದ್ಧ ಬಂತು, ಲಿಲ್ ಜರ್ಮನರ ವಶವಾಯಿತು, ಆದರೂ ಆಲೂಗಡ್ಡೆ ಬದಲಾಯಿಸುವುದು ನಿಲ್ಲಲಿಲ್ಲ. 13 ವರ್ಷ, 230 ಸಲ. ಅಷ್ಟು ಹೊತ್ತಿಗೆ ಆ ಬ್ಯಾಕ್ಟೀರಿಯಾ ಕೊಲ್ಲುವುದನ್ನು ಮರೆತಿತ್ತು. 1921ರಲ್ಲಿ ಪ್ಯಾರಿಸಿನಲ್ಲಿ ಒಂದು ಹಸುಗೂಸಿಗೆ ಬಾಯಿಯ ಮೂಲಕ ಕೊಟ್ಟರು. ಕೂಸಿಗೆ ಏನೂ ಆಗಲಿಲ್ಲ. ನಮ್ಮಲ್ಲಿಗೆ ಅದು ಬಂದದ್ದು 1948ರಲ್ಲಿ. ಮದ್ರಾಸಿನ ಗಿಂಡಿಯಲ್ಲಿ ಬಿಸಿಜಿ ತಯಾರಿಸುವ ಪ್ರಯೋಗಾಲಯ ತೆರೆಯಿತು, ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಯಲ್ಲಿ ಮೊದಮೊದಲ ಚುಚ್ಚುಮದ್ದುಗಳು ಆದವು. ಮಾವನ ರಟ್ಟೆಯ ಬಟಾಣಿ ಆ ದಾರಿಯಲ್ಲಿ ಬಂದದ್ದು.

ಅದನ್ನು ಮೂತ್ರಕೋಶಕ್ಕೆ ಬಿಟ್ಟವರು ಕೆನಡಾದ ಕಿಂಗ್‌ಸ್ಟನ್ ಊರಿನ ಆಲ್ವಾರೊ ಮೊರಾಲೆಸ್. 1976ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಇದ್ದದ್ದು ಬರೀ ಒಂಬತ್ತು ರೋಗಿಗಳು. ವಾರಕ್ಕೊಂದರಂತೆ ಆರು ವಾರ ಕೊಟ್ಟರು. ಆರೇ ಯಾಕೆ? ಅವರಿಗೆ ಸಿಗುತ್ತಿದ್ದ ಲಸಿಕೆ ಆರು ಸೀಸೆಯ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಅಷ್ಟೇ. ಆ ಆರು ವಾರದ ಲೆಕ್ಕವೇ ಇಂದಿಗೂ ಜಗತ್ತಿನ ತುಂಬ ನಡೆಯುತ್ತಿದೆ. ನನಗೆ ಇದನ್ನು ಓದಿದಾಗ ವಿಚಿತ್ರವಾದ ಸಮಾಧಾನವಾಯಿತು. ಯಾವುದೋ ಊರಿನ ಕಪಾಟಿನಲ್ಲಿದ್ದ ಒಂದು ಪೆಟ್ಟಿಗೆ ನಮ್ಮ ಮನೆಯ ಆರು ಗುರುವಾರಗಳನ್ನು ನಿಗದಿ ಮಾಡಿದೆ.

ಅದು ಕೆಲಸ ಮಾಡುವ ಬಗೆ ಪೂರ್ತಿಯಾಗಿ ಇನ್ನೂ ಬಿಡಿಸಿಲ್ಲ. ಬ್ಯಾಕ್ಟೀರಿಯಾ ಹೋಗಿ ಚೀಲದ ಒಳಗೋಡೆಗೆ ಅಂಟುತ್ತದೆ, ಅದನ್ನು ಓಡಿಸಲು ಮೈಯ ಕಾವಲುಪಡೆ ಧಾವಿಸಿ ಬರುತ್ತದೆ, ಬಂದ ಪಡೆ ಅಲ್ಲೇ ಅಡಗಿ ಕೂತ ಕ್ಯಾನ್ಸರ್ ಕೋಶಗಳನ್ನೂ ಹಿಡಿಯುತ್ತದೆ. ಇಷ್ಟು ತಿಳಿದಿದೆ. ಉರಿ, ಜ್ವರ, ಮೈಕೈ ನೋವು ಬರುವುದು ಆ ಪಡೆ ಬಂದಿದೆ ಎಂಬುದಕ್ಕೆ ಗುರುತು.

"ದಾಸರಹಳ್ಳಿ" ಅಂದ ಮಾವ. ಬೋರಲು ಮಲಗಬೇಕಾದ ಸರದಿ. ದಿಂಬನ್ನು ಎದೆಯಡಿ ಎಳೆದುಕೊಂಡ.

ಈ ರೋಗ ಅವನಿಗೆ ತೋರಿಸಿಕೊಂಡದ್ದು ಎರಡು ಬೇಸಿಗೆಯ ಹಿಂದೆ. ನೋವಿಲ್ಲ, ಉರಿಯಿಲ್ಲ, ಒಂದು ಬೆಳಗ್ಗೆ ಕೆಂಪಗೆ ಹೋಯಿತು. ಮರುದಿನ ಮಾಮೂಲು. ಉಷ್ಣ ಆಗಿದೆ ಅಂದುಕೊಂಡ. ಯಾರಿಗೂ ಹೇಳಲಿಲ್ಲ. ಬಾರ್ಲಿ ನೀರು, ಜೀರಿಗೆ ನೀರು, ದಿನಕ್ಕೆರಡು ಎಳನೀರು. ಕೆಂಪು ನಿಂತಿತು, ಎಳನೀರು ಗೆದ್ದಿತು ಅಂದುಕೊಂಡ. ಮೂರು ತಿಂಗಳ ಮೇಲೆ ಮತ್ತೆ ಬಂತು. ಆಗ ಕಲ್ಲಿರಬೇಕೆಂದು ಬಾಳೆದಿಂಡಿನ ರಸ. ಒಬ್ಬ ವೈದ್ಯರು ಪರೀಕ್ಷೆ ಮಾಡಿಸದೆ ಸೋಂಕಿನ ಮಾತ್ರೆ ಬರೆದುಕೊಟ್ಟರು. ಹೀಗೆ ಎಂಟು ತಿಂಗಳು ಕಳೆಯಿತು. ಕೆಂಪು ನಿಂತದ್ದು ಔಷಧಿಯಿಂದಲ್ಲ, ಅದು ತಾನಾಗಿ ಬಂದು ತಾನಾಗಿ ಹೋಗುವುದೇ ಈ ರೋಗದ ಸ್ವಭಾವ. ಅತ್ತೆಗೆ ಗೊತ್ತಾದದ್ದು ಪಂಚೆ ಒಗೆಯುವಾಗ. ಆ ಎಂಟು ತಿಂಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಏಳುತ್ತದೆ. ಒಂದು ಮಾತು ಬಾಯಿಂದ ಹೊರಡಲು ಎಂಟು ತಿಂಗಳು!

ಆಮೇಲೆ ದುರ್ಬೀನು ಆಪರೇಷನ್. ಮೂತ್ರದ ದಾರಿಯಲ್ಲೇ ನಳಿಕೆ ಇಳಿಸಿ ಒಳಗಿನ ಗಡ್ಡೆಯನ್ನು ಕೆರೆದು ತೆಗೆದರು. ಹೊರಗೆ ಒಂದು ಹೊಲಿಗೆಯೂ ಇಲ್ಲ. ಮೂರನೇ ದಿನ ಮನೆಗೆ ಬಂದು ಕೂತಾಗ ನೆಂಟರೆಲ್ಲ "ಆಯ್ತಲ್ಲ, ಗೆದ್ರಿ" ಅಂದರು. ಪರೀಕ್ಷೆಯ ವರದಿಯಲ್ಲೂ ಒಳ್ಳೆಯ ಸುದ್ದಿ, ಗಡ್ಡೆ ಒಳಪದರದಲ್ಲೇ ಇದೆ, ಗೋಡೆಯ ಸ್ನಾಯುವಿಗೆ ಇಳಿದಿಲ್ಲ. ಮೊದಲ ಸಲ ಕಂಡಾಗ ಹತ್ತರಲ್ಲಿ ಏಳರಷ್ಟು ಮಂದಿಗೆ ಹೀಗೇ ಇರುತ್ತದೆ. ಆದರೆ ಡಾಕ್ಟರ್ ಮುಖ ಸಡಿಲಾಗಲಿಲ್ಲ. ಇದು ಹಿಂತಿರುಗುವ ಕಾಯಿಲೆ ಅಂದರು. ಕಳೆ ಕಿತ್ತ ಹೊಲದಲ್ಲಿ ಬೀಜ ಉಳಿದಿರುತ್ತದಲ್ಲ, ಹಾಗೆ. ಕೆರೆದ ಗಾಯ ಮಾಯಲು ಎರಡು ವಾರಕ್ಕೂ ಹೆಚ್ಚು ಬಿಟ್ಟು ಆಮೇಲೆ ಬಿಸಿಜಿ ಶುರು ಮಾಡಿದರು. ಈ ಆರು ವಾರ ಮುಗಿದರೆ ಮುಗಿಯಲಿಲ್ಲ. ಮೂರನೇ ತಿಂಗಳು, ಆರನೇ ತಿಂಗಳು, ಆಮೇಲೆ ಆರಾರು ತಿಂಗಳಿಗೊಮ್ಮೆ, ಪ್ರತಿ ಸಲ ಮೂರು ವಾರ ಮೂರು ಡೋಸು, ಮೂರು ವರ್ಷ. ಕೂಡಿದರೆ 27. ಈ ವೇಳಾಪಟ್ಟಿಯಿಂದ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟ ಅಮೆರಿಕದ ಅಧ್ಯಯನ ಪ್ರಕಟವಾದದ್ದು 2000ದಲ್ಲಿ. ಅದರಲ್ಲೂ ಕೊನೆಯ ಡೋಸಿನ ತನಕ ಬಂದವರು ನೂರಕ್ಕೆ 16 ಮಂದಿ. ಉಳಿದವರು ಉರಿ ತಾಳಲಾರದೆ, ದಣಿದು, ನಡುವೆಯೇ ಇಳಿದುಹೋದರು. ಜೊತೆಗೆ ಮೂರು ತಿಂಗಳಿಗೊಮ್ಮೆ ದುರ್ಬೀನು ಇಳಿಸಿ ನೋಡುವುದು ಬೇರೆ.

ಔಷಧಿ ಸಿಗುವುದೂ ಯಾವಾಗಲೂ ಸುಲಭವಲ್ಲ. 2011ರಲ್ಲಿ ಟೊರಾಂಟೊದ ಒಂದು ದೊಡ್ಡ ತಯಾರಿಕಾ ಘಟಕಕ್ಕೆ ನೀರು ನುಗ್ಗಿತು. ಆ ಕಂಪನಿ 2017ರಲ್ಲಿ ಬಿಸಿಜಿ ಮಾಡುವುದನ್ನೇ ಬಿಟ್ಟಿತು. ಶ್ರೀಮಂತ ದೇಶಗಳಲ್ಲೂ ರೋಗಿಗಳು ಸರದಿಯಲ್ಲಿ ಕಾದರು. ನಮ್ಮ ಡಬ್ಬಿಯ ಸೀಸೆ ಪುಣೆಯದು.

ನೆಲಮಂಗಲದ ಹೊತ್ತಿಗೆ ಕೋಣೆ ತುಂಬಿತ್ತು. ಎದುರು ಹಾಸಿಗೆಯಲ್ಲಿ ಕೈಗೆ ಡ್ರಿಪ್ಸ್ ಹಾಕಿಸಿಕೊಂಡ ಒಬ್ಬ ಮೇಷ್ಟರು, ಮಡಿಸಿದ ದಿನಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಅವರ ಗಡ್ಡೆ ಮೂತ್ರಕೋಶದಲ್ಲಲ್ಲ, ಅದಕ್ಕೂ ಮೇಲೆ, ಮೂತ್ರಪಿಂಡದಿಂದ ಇಳಿಯುವ ನಾಳದಲ್ಲಿ. ಒಂದು ಮೂತ್ರಪಿಂಡವನ್ನೂ ನಾಳವನ್ನೂ ಪೂರ್ತಿ ತೆಗೆದಿದ್ದಾರೆ. ಇಂಥವರಿಗೆ ಆಪರೇಷನ್ ಆದ 90 ದಿನದೊಳಗೆ ಕೀಮೊ ಆರಂಭಿಸಿ, ಮೂರು ವಾರಕ್ಕೊಂದರಂತೆ ನಾಲ್ಕು ಸುತ್ತು ಕೊಟ್ಟರೆ ರೋಗ ಮರಳುವುದು ತಗ್ಗುತ್ತದೆ ಎಂದು ಬ್ರಿಟನ್ನಿನ ಒಂದು ಅಧ್ಯಯನ 2020ರಲ್ಲಿ ತೋರಿಸಿತು. ಉಳಿದ ಒಂದೇ ಮೂತ್ರಪಿಂಡ ಸಿಸ್‌ಪ್ಲಾಟಿನ್ ಎಂಬ ಕೀಮೊ ಔಷಧಿಯನ್ನು ತಾಳುತ್ತದೋ ಇಲ್ಲವೋ ಎಂದು ಪ್ರತಿ ಸಲ ರಕ್ತ ನೋಡಿಯೇ ನಿರ್ಧಾರ, ತಾಳದಿದ್ದರೆ ಕಾರ್ಬೊಪ್ಲಾಟಿನ್. "ಒಂದೇ ಎತ್ತಿನ ಗಾಡಿ ನಂದು" ಅಂದರು ಮೇಷ್ಟರು, ತಲೆ ಎತ್ತದೆ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಹೂವಿನ ಸೀರೆಯ ಹೆಂಗಸೊಬ್ಬರು. ಅವರಿಗೆ ಮೂತ್ರಕೋಶವೇ ಇಲ್ಲ. ರೋಗ ಸ್ನಾಯುವಿಗೆ ಇಳಿದಿತ್ತು, ತೆಗೆಯಬೇಕಾಯಿತು. ಸಣ್ಣಕರುಳಿನ ಗೇಣುದ್ದ ತುಂಡೊಂದನ್ನು ಕತ್ತರಿಸಿ, ಎರಡೂ ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತೆರೆದಿದ್ದಾರೆ. ಅದರ ಮೇಲೆ ಚೀಲ. ಅವರು ಬಂದದ್ದು ಬೇರೆ ಚಿಕಿತ್ಸೆಗೆ, ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ, ಎರಡು ವಾರಕ್ಕೊಮ್ಮೆ, ಒಂದು ವರ್ಷ. ಬೆಲೆ ಕೇಳಿದರೆ ಎಂಥವರಿಗೂ ಗಂಟಲು ಒಣಗುತ್ತದೆ. ಮಗಳು ಸಾಲ ಮಾಡಿದ್ದಾಳಂತೆ. ಆದರೆ ಅವರು ಅವತ್ತು ಮಾತಾಡುತ್ತಿದ್ದದ್ದು ಸಾಲದ ವಿಷಯವಲ್ಲ. ಪಕ್ಕದಲ್ಲಿ ಒಬ್ಬ ಯುವಕ ಕೂತಿದ್ದ, ಅವನ ತಾಯಿಗೆ ಮುಂದಿನ ವಾರ ಅದೇ ಆಪರೇಷನ್.

"ಕೆಂಪಗೆ ಇರ್ತದೆ, ಹೆದರ್ಕೋಬೇಡ" ಅನ್ನುತ್ತಿದ್ದರು. "ದಾಸವಾಳದ ಮೊಗ್ಗು ನೋಡಿದ್ದೀಯಲ್ಲ, ಆ ಕೆಂಪು. ಒದ್ದೆ ಒದ್ದೆ ಇರ್ಬೇಕು. ಮುಟ್ಟಿದ್ರೆ ನೋವಾಗಲ್ಲ. ಕಪ್ಪಗಾದ್ರೆ ಮಾತ್ರ ಓಡಿ ಬರ್ಬೇಕು. ಮೂತ್ರದಲ್ಲಿ ಬಿಳಿ ಲೋಳೆ ಬರ್ತದೆ, ಅದು ಕೀವಲ್ಲ, ಕರುಳಲ್ವಾ, ಅದರ ಬುದ್ಧಿ ಅದು ಬಿಡಲ್ಲ. ಚೀಲ ಅರ್ಧ ಆಗೋಕೆ ಮೊದಲೇ ಖಾಲಿ ಮಾಡ್ಸು, ಭಾರಕ್ಕೆ ಅಂಟು ಕಿತ್ತು ಬರ್ತದೆ. ಸೀರೆ ಗಂಟು ಸ್ವಲ್ಪ ಮೇಲಕ್ಕೆ ಹಾಕೋದು ಕಲೀಬೇಕು ಅಷ್ಟೆ. ನಾನು ಮೊನ್ನೆ ಮದುವೆಗೂ ಹೋಗಿದ್ದೆ." ಅಂದವರೇ ಸೆರಗು ಸರಿಸಿ ಚೀಲದ ಅಂಚನ್ನು ಅವನಿಗೆ ತೋರಿಸಿದರು. ಹುಡುಗ ಮೊದಲು ಮುಖ ತಿರುಗಿಸಿದ. ಆಮೇಲೆ ಬಗ್ಗಿ ನೋಡಿದ. ಅಂಟಿಸುವ ರಿಂಗಿನ ಅಳತೆ ಕೇಳಿ ಫೋನಿನಲ್ಲಿ ಬರೆದುಕೊಂಡ.

ಬಲಮಗ್ಗುಲಿನಲ್ಲಿದ್ದ ಮಾವ ಅದನ್ನೆಲ್ಲ ಕೇಳುತ್ತಿದ್ದ. ಅವನ ಕಣ್ಣು ಗಡಿಯಾರದ ಮೇಲಿರಲಿಲ್ಲ.

ದಾಬಸ್‌ಪೇಟೆ ದಾಟಿದ ಮೇಲೆ ಕಷ್ಟ. ಹಣೆಯಲ್ಲಿ ಬೆವರು ಮೂಡಿತು. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಸ್ಟಿಯರಿಂಗು ಹಿಡಿದಂತೆ. ಕೆರೆದ ಜಾಗ ಇನ್ನೂ ನಾಜೂಕು, ಅದರ ಮೇಲೆ ಕೆಣಕುವ ಔಷಧಿ, ಚೀಲ ಕುಗ್ಗುತ್ತದೆ, ಹೊರಗೆ ತಳ್ಳು ಎಂದು ನರ ನರವೂ ಹೇಳುತ್ತದೆ. ಮೊದಲ ವಾರ ಒಂದೂಕಾಲು ಗಂಟೆಗೇ ಸೋತಿದ್ದ. "ಆದಷ್ಟೇ ಆಗ್ಲಿ ಅಜ್ಜ" ಎಂದು ಸಿಸ್ಟರ್ ಸಮಾಧಾನ ಮಾಡಿದರೂ ಅವತ್ತು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಏನು ಮಾಡಲಿ? ಪಾದ ಒತ್ತಿದೆ. ಎಕ್ಸಲೇಟರ್ ಒತ್ತಿ ಒತ್ತಿ ಬಲಪಾದದ ಹಿಮ್ಮಡಿ ಒಂದು ಕಡೆ ಗಟ್ಟಿಯಾಗಿದೆ, ತೆಂಗಿನ ಚಿಪ್ಪಿನಂತೆ. ಅದನ್ನು ನಾನು ಮುಟ್ಟಿದ್ದು ಅದೇ ಮೊದಲು.

"ಹಿರೇಹಳ್ಳೀಲಿ ಒಂದು ಟೀ ಅಂಗಡಿ ಇತ್ತು" ಹಲ್ಲು ಕಚ್ಚಿ ಅಂದ. "ಅಲ್ಲಿ ನಿಲ್ಲಿಸ್ತಿದ್ದೆ."

"ಇವತ್ತು ನಿಲ್ಲಿಸ್ಬೇಡ ಮಾವ."

"ಇಲ್ಲ. ಎಕ್ಸ್‌ಪ್ರೆಸ್ಸು."

ಕ್ಯಾತ್ಸಂದ್ರ. 11.25. ಸಿಸ್ಟರ್ ಶೌಚಾಲಯಕ್ಕೆ ಹೋಗಿ ಬ್ಲೀಚಿನ ಬಾಟಲಿ ಎಲ್ಲಿದೆ ನೋಡಿ ಬಂದರು. ಮೇಷ್ಟರು ಪದಬಂಧ ಮಡಿಸಿಟ್ಟಿದ್ದರು. ಕೋಣೆಯಲ್ಲಿ ಯಾರೂ ಹೇಳದಿದ್ದರೂ ಎಲ್ಲರೂ ಆ ಹದಿನೈದು ನಿಮಿಷ ಮಾವನ ಜೊತೆ ಬಸ್ಸಿನಲ್ಲಿದ್ದರು.

11.40ಕ್ಕೆ ಅವನು ಎದ್ದ. ಗೋಡೆ ಹಿಡಿದು, ಮಂಡಿ ಜೋಡಿಸಿಕೊಂಡು, ಪುಟ್ಟ ಪುಟ್ಟ ಹೆಜ್ಜೆ. ಶೌಚಾಲಯದ ಬಾಗಿಲಲ್ಲಿ ಆ ಯುವಕನ ಪಕ್ಕಕ್ಕೆ ಇನ್ನೊಬ್ಬ ಹೊಸಬ ನಿಂತಿದ್ದ, ಮಾವನಿಗಿಂತ ಚಿಕ್ಕವನು, ಕೈಯಲ್ಲಿ ಥರ್ಮೊಕೋಲ್ ಡಬ್ಬಿ. ಅವನ ಮೊದಲ ವಾರ. ಕೈ ನಡುಗುತ್ತಿತ್ತು. ಮಾವ ಆ ಸ್ಥಿತಿಯಲ್ಲೂ ನಿಂತ.

"ಕೂತ್ಕೊಂಡೇ ಉಚ್ಚೆ ಉಯ್ಬೇಕು ಕಣಯ್ಯ" ಅಂದ, ಇಡೀ ಕೋಣೆಗೆ ಕೇಳುವಂತೆ. "ನಿಂತ್ಕೊಂಡ್ರೆ ಸಿಡೀತದೆ, ಅದರಲ್ಲಿ ಜೀವ ಐತೆ. ಆರು ಗಂಟೆ ಹೊತ್ತು ಪ್ರತಿ ಸಲಾನೂ ಹಿಂಗೇ. ಮೇಲೆ ಬ್ಲೀಚು ಸುರಿ, ಹದಿನೈದು ನಿಮಿಷ ಬಿಟ್ಟು ಫ್ಲಶ್ ಮಾಡು. ಆಮೇಲೆ ಉರೀತದೆ, ನೀರು ಕುಡಿ, ಚೆನ್ನಾಗಿ ಕುಡಿ. ಜ್ವರ ಇಳೀದೇ ಹೋದ್ರೆ ಮುಚ್ಚಿಡಬೇಡ, ಫೋನ್ ಮಾಡು. ಮುಚ್ಚಿಡಬೇಡ."

ಬಾಗಿಲು ಹಾಕಿಕೊಂಡ.

ಹೂವಿನ ಸೀರೆಯವರು ನನ್ನ ಕಡೆ ನೋಡಿದರು. ನಾನು ಖಾಲಿ ಡಬ್ಬಿಯ ಮುಚ್ಚಳ ತೆಗೆದು ಟವೆಲು ಹಿಂಡಿದೆ. ಐಸ್ ಪ್ಯಾಕು ಕರಗಿ ಮೆತ್ತಗಾಗಿದ್ದವು. ಒಳಗಿನಿಂದ ಬ್ಲೀಚಿನ ಘಾಟು ಬಂತು, ಆಮೇಲೆ ಎಷ್ಟೋ ಹೊತ್ತು ಸದ್ದಿಲ್ಲ. ಮಾವ ಹದಿನೈದು ನಿಮಿಷ ಎಣಿಸುತ್ತಿರಬೇಕು.

ಹೊರಗೆ ಬಂದಾಗ ಮುಖ ತೊಳೆದಿದ್ದ. ನೀರಿನ ಬಾಟಲಿ ಕೊಟ್ಟೆ, ಅರ್ಧ ಒಂದೇ ಗುಟುಕಿಗೆ ಇಳಿಸಿದ.

"ಆ ಐಸ್ ಪ್ಯಾಕು ಬುಧವಾರ ರಾತ್ರೀನೇ ಫ್ರೀಜರ್‌ಗೆ ಹಾಕಿಬಿಡು" ಅಂದ. "ಈ ಸಲ ಬೇಗ ಕರಗ್ತು."